ಮಲೀಕಾ ಕೆರೆದಿಟ್ಟ ಮಚ್ಚೆ

ಹೊಸದುರ್ಗದ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ರಸ್ತೆಯಲ್ಲಿ ಬುಡನ್ ಸಾಬರ ಫೋಟೋ ಸ್ಟುಡಿಯೋ ಇತ್ತು. ಮುಂದೆ ಗಾಜಿನ ಷೋಕೇಸು, ಅದರ ಹಿಂದೆ ಗಿರಾಕಿಗಳು ಕೂರುವ ಬೆಂಚು, ಆಮೇಲೆ ಬಣ್ಣದ ಪರದೆ. ಪರದೆಯ ಮೇಲೆ ಒಂದು ಕೊಳ, ಎರಡು ಹಂಸ, ಯಾವ ಊರಿನಲ್ಲೂ ಇಲ್ಲದಂಥ ಒಂದು ಬಂಗಲೆ. ಆ ಬಂಗಲೆಯ ಹಿಂಬದಿಯಲ್ಲಿ, ಹಿತ್ತಿಲ ಕಿಟಕಿಗೆ ಮುಖ ಮಾಡಿಕೊಂಡು, ಸಾಬರ ಮಗಳು ಮಲೀಕಾ ಕೂರುತ್ತಿದ್ದಳು. ಎಪ್ಪತ್ತನಾಲ್ಕರಲ್ಲಿ ಅವಳಿಗೆ ಹತ್ತೊಂಬತ್ತು ವರ್ಷ. ತಾಲ್ಲೂಕಿನಲ್ಲಿ ಮದುವೆಗೆ ಬಂದವರ ಮುಖಗಳೆಲ್ಲ ಅವಳಿಗೆ ಗೊತ್ತಿದ್ದವು. ಅವಳ ಮುಖ ಗೊತ್ತಿದ್ದವರು ಕಡಿಮೆ.

ಅವಳದು ಟಚಿಂಗ್ ಕೆಲಸ. ಇಳಿಜಾರಾದ ಒಂದು ಮರದ ಪೆಟ್ಟಿಗೆ, ಅದರ ನಡುವೆ ಗಾಜು, ಗಾಜಿನ ಕೆಳಗೆ ಕಿಟಕಿಯ ಬೆಳಕನ್ನು ಮೇಲಕ್ಕೆ ಎತ್ತಿ ಕೊಡುವ ಕನ್ನಡಿ. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಕೆನ್ನೆ, ಹಣೆ, ಕಣ್ಣಿನ ಕೆಳಗೆಲ್ಲ ಸಣ್ಣ ಸಣ್ಣ ಗೀಟು ಎಳೆಯಬೇಕು. ನೆಗೆಟಿವ್‌ನಲ್ಲಿ ಕಪ್ಪಾದಷ್ಟೂ ಫೋಟೋದಲ್ಲಿ ಬೆಳ್ಳಗಾಗುತ್ತದೆ. ಸಿಡುಬಿನ ಕಲೆ ಮುಚ್ಚುತ್ತದೆ, ಮೂಗಿನ ಪಕ್ಕದ ಗೆರೆ ಮಾಯವಾಗುತ್ತದೆ. ಬುಡನ್ ಸಾಬರ ಕಣ್ಣಿಗೆ ಪೊರೆ ಬಂದ ಮೇಲೆ ಈ ಕೆಲಸ ಪೂರ್ತಿ ಮಗಳ ಕೈಗೆ ಬಂದಿತ್ತು. ಹೊಗಳಿಕೆ ಮಾತ್ರ ಪರದೆಯ ಮುಂದೆಯೇ ಉಳಿಯುತ್ತಿತ್ತು.

"ಸಾಬ್ರ ಕೈ ಅಂದ್ರೆ ಕೈ ಕಣ್ರಿ," ಎನ್ನುತ್ತಿದ್ದರು ಬಂದವರು. "ಎಮ್ಮೆ ನಿಲ್ಸಿದ್ರೂ ಹಸ ಮಾಡಿ ಕೊಡ್ತಾರೆ."

ಬಂದವರ ಬೇಡಿಕೆಗಳಿಗೆ ಕೊನೆಯಿರಲಿಲ್ಲ. ಸ್ಟುಡಿಯೋದಲ್ಲಿ ಒಂದೇ ಕೋಟು. ಆ ವರ್ಷ ಹೆಣ್ಣು ನೋಡಲು ಹೊರಟ ಗಂಡುಗಳೆಲ್ಲ ಅದನ್ನೇ ತೊಟ್ಟು ಕೂತಿದ್ದರು. ಒಬ್ಬನಿಗೆ ಬರಿಗೈಗೆ ವಾಚು ಬರೆದುಕೊಡಬೇಕು. ಇನ್ನೊಬ್ಬನಿಗೆ ಹಣೆ ಚಿಕ್ಕದಾಗಬೇಕು. ಹೆಣ್ಣುಮಕ್ಕಳ ತಂದೆಯರದು ಮಾತ್ರ ಒಂದೇ ಮಾತು: "ಸ್ವಲ್ಪ ಬೆಳ್ಳಗೆ ಮಾಡ್ರಿ." ಮಲೀಕಾ ಮಾಡುತ್ತಿದ್ದಳು. ಬೆಳಿಗ್ಗೆ ಬಿಸಿಲು ಕಿಟಕಿಗೆ ಬಂದಾಗ ಕೂತರೆ ಬಿಸಿಲು ಗೋಡೆ ದಾಟಿ ಹೋಗುವವರೆಗೆ ಏಳುತ್ತಿರಲಿಲ್ಲ. ಕತ್ತು ಹಿಡಿದುಕೊಳ್ಳುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಬರಬರುತ್ತ ಎಲ್ಲರೂ ಒಂದೇ ಮುಖದವರಾಗುತ್ತಿದ್ದಾರೆ ಅನ್ನಿಸುತ್ತಿತ್ತು. ಹಾಗೆ ಮಾಡುತ್ತಿದ್ದವಳು ತಾನೇ ಆದ್ದರಿಂದ ಯಾರನ್ನೂ ದೂರುವಂತಿರಲಿಲ್ಲ.

ಜನ ದಡ್ಡರೇನಲ್ಲ. ಫೋಟೋ ನೋಡುವಾಗ ಎಷ್ಟು ಕಳೆಯಬೇಕೆಂಬ ಲೆಕ್ಕ ಅವರಿಗೆ ಬರುತ್ತಿತ್ತು. ಫೋಟೋದಲ್ಲಿ ಗೋಧಿ ಬಣ್ಣ ಇದ್ದರೆ ಹುಡುಗಿ ರಾಗಿ ಬಣ್ಣ. ಫೋಟೋದಲ್ಲಿ ಹಾಲಿನ ಬಣ್ಣ ಇದ್ದರೆ ಹುಡುಗಿ ಗೋಧಿ ಬಣ್ಣ. ಹೀಗೆ ಕಳೆದು ನೋಡುವವರಿಗಾಗಿಯೇ ಇನ್ನಷ್ಟು ಕೂಡಿ ಕಳಿಸುವುದು ರೂಢಿಯಾಗಿತ್ತು.

ಮಲೀಕಾಳ ದಿನದಲ್ಲಿ ಹೊರಗಿನದೆಂದು ಹೇಳಬಹುದಾದ ಹೊತ್ತು ಒಂದೇ, ಸಂಜೆಯ ಟೈಪಿಂಗ್ ಕ್ಲಾಸು. ಪೇಟೆಯ ಕೊನೆಯಲ್ಲಿ ಒಂದು ಮಹಡಿ ಮೇಲೆ ಆ ಇನ್‌ಸ್ಟಿಟ್ಯೂಟು. ಬುಡನ್ ಸಾಬರು ಅದಕ್ಕೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಚಂದ್ರಕ್ಕ ಜೊತೆಗಿದ್ದರೆ ಹೋಗಬೇಕು, ಇಲ್ಲದಿದ್ದರೆ ಮನೆಯಲ್ಲಿರಬೇಕು.

ಚಂದ್ರಕ್ಕ ಬಾಗೂರಿನ ರೈತ ಚಿಕ್ಕತಿಮ್ಮಪ್ಪನ ಮಗಳು. ಹೊಸದುರ್ಗದ ಕಾಲೇಜಿನಲ್ಲಿ ಮಲೀಕಾ ಜೊತೆ ಒಂದೇ ಬೆಂಚಿನಲ್ಲಿ ಕೂತವಳು, ಅವಳ ಜೊತೆಗೇ ಪಿಯುಸಿ ಫೇಲಾದವಳು. ದಿನಾ ಮಧ್ಯಾಹ್ನದ ಬಸ್ಸಿಗೆ ಬಾಗೂರಿನಿಂದ ಬಂದು ಸ್ಟುಡಿಯೋದ ಬಾಗಿಲಲ್ಲಿ ನಿಂತು "ನೂರಮ್ಮಾ, ಮಗಳನ್ನ ಕಳಿಸ್ರಿ" ಎಂದು ಮಲೀಕಾಳ ತಾಯಿಗೆ ಕೇಳುವಂತೆ ಕೂಗುತ್ತಿದ್ದಳು. ತಾಯಿ ನೂರುನ್ನೀಸಾ ಒಳಗಿನಿಂದ "ಬಂದ್ಲು ನಿನ್ನ ಯಜಮಾನಿ" ಎಂದು ಗೊಣಗುತ್ತಿದ್ದಳು. ಚಂದ್ರಕ್ಕನ ಮನೆಯಲ್ಲೂ ಇಂಥದ್ದೇ ಷರತ್ತು. ಮಲೀಕಾ ಜೊತೆಗಿದ್ದರೆ ಮಾತ್ರ ಪೇಟೆ. ಇಬ್ಬರು ತಂದೆಯರೂ ಇನ್ನೊಬ್ಬರ ಮಗಳೇ ಬುದ್ಧಿವಂತೆ ಎಂದು ನಂಬಿದ್ದರು. ಹುಡುಗಿಯರು ಆ ನಂಬಿಕೆಯನ್ನು ಕೆಡಿಸಲು ಹೋಗಿರಲಿಲ್ಲ.

ಆ ಸಲದ ಸಂಕ್ರಾಂತಿ ಕಳೆದ ಮೇಲೆ ಚಂದ್ರಕ್ಕ ತನ್ನ ತಾಯಿ ರಂಗಕ್ಕನ ಜೊತೆ ಫೋಟೋ ತೆಗೆಸಲು ಬಂದಳು. ಹಿರಿಯೂರಿನ ಕಡೆಯಿಂದ ಸಂಬಂಧ ಕೇಳಿದ್ದರು. ತೆಂಗಿನಕಾಯಿ ಮಂಡಿಯವರು. ಹುಡುಗನ ಹೆಸರು ಮೂರ್ತಪ್ಪ. ಅವನ ಸೋದರಮಾವ ಅಂಜನಪ್ಪ ಕಾಯಿ ವ್ಯಾಪಾರಕ್ಕೆ ಹೊಸದುರ್ಗದ ಸಂತೆಗೆ ಬರುತ್ತಿದ್ದ. ಫೋಟೋವನ್ನು ಅವನೇ ಸ್ಟುಡಿಯೋದಲ್ಲಿ ಇಸಿದುಕೊಂಡು ಹೋಗುವುದೆಂದು ಮಾತಾಗಿತ್ತು. ಬುಡನ್ ಸಾಬರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಹಂಸಗಳ ಮುಂದೆ ಚಂದ್ರಕ್ಕನನ್ನು ಕೂರಿಸಿ, ಫೋಟೋ ತೆಗೆದರು. ರಂಗಕ್ಕ ಬಳೆ ನೋಡಲು ಎದುರಿನ ಅಂಗಡಿಗೆ ಹೋದ ಹೊತ್ತಿನಲ್ಲಿ ಚಂದ್ರಕ್ಕ ಪರದೆಯ ಹಿಂದಕ್ಕೆ ಬಂದಳು.

"ಮಲೀಕಾ, ನನ್ನ ಕೆಡಿಸೇ."

"ಏನು?"

"ಫೋಟೋದಾಗೆ. ಊರೋರ್ನೆಲ್ಲ ಚೆಂದ ಮಾಡೀಯಲ್ಲ, ನನ್ನೊಬ್ಬಳನ್ನ ಕೆಡಿಸು. ನೋಡಿದೋರು ಉಪ್ಪಿಟ್ಟು ತಿನ್ನಾಕೂ ಬರಬಾರ್ದು."

"ಅದಕ್ಕೆ ಟಚಿಂಗ್ ಯಾಕೆ? ಇದ್ದಂಗೆ ಕಳಿಸಿದ್ರೂ ಬರಲ್ಲ ಬಿಡು."

"ಲೇ, ತಮಾಷೆ ಅಲ್ಲ. ಅವರು ಒಪ್ಪಿದ್ರೆ ವೈಶಾಖದಾಗೆ ಮದುವೆ ಅಂತಾರೆ ನಮ್ಮಪ್ಪ. ನಾನು ಹಿರಿಯೂರಾಗೆ ಕಾಯಿ ಸುಲ್ಕೊಂಡು ಕುಂತ್ರೆ ಇಲ್ಲಿ ಟೈಪಿಂಗ್‌ಗೆ ನಿನ್ನ ಕರ್ಕೊಂಡು ಹೋಗೋರು ಯಾರು? ನಿಮ್ಮಮ್ಮನಾ?"

ಮಲೀಕಾ ನಗಲಿಲ್ಲ. ಫೋಟೋ ತೆಗೆಯುವಾಗಲೇ ಅವಳು ಅದನ್ನು ಲೆಕ್ಕ ಹಾಕಿದ್ದಳು. ಚಂದ್ರಕ್ಕ ಹೋದರೆ ಕ್ಲಾಸು ಹೋಯಿತು, ಸಂಜೆಯ ರಸ್ತೆ ಹೋಯಿತು. ಉಳಿಯುವುದು ಈ ಕಿಟಕಿ, ಈ ಗಾಜು, ಮತ್ತು ಬೆಳ್ಳಗಾಗಲು ಕಾದಿರುವ ಮುಖಗಳು.

ಕೆಡಿಸುವುದು ಚೆಂದ ಮಾಡಿದಷ್ಟು ಸುಲಭವಲ್ಲ. ಪೆನ್ಸಿಲ್ಲಿನ ಗೀಟನ್ನು ಒರೆಸಿ ಮತ್ತೆ ಹಾಕಬಹುದು. ಫೋಟೋದಲ್ಲಿ ಮುಖ ಕಪ್ಪಾಗಬೇಕಾದರೆ ನೆಗೆಟಿವ್‌ನ ಮೇಲಿನ ಪದರವನ್ನೇ ಬ್ಲೇಡಿನ ತುದಿಯಿಂದ ಕೆರೆದು ತೆಗೆಯಬೇಕು. ಕೆರೆದದ್ದು ಮತ್ತೆ ಬರುವುದಿಲ್ಲ. ಮಲೀಕಾ ಉಸಿರು ಬಿಗಿಹಿಡಿದು ಗೆಳತಿಯ ಕೆನ್ನೆ ಕೆರೆದಳು. ಕಣ್ಣಿನ ಕೆಳಗೆ ನೆರಳು ತಂದಳು. ಮೂಗಿನ ಒಂದು ಬದಿಯನ್ನು ಸ್ವಲ್ಪ ಅಗಲಿಸಿದಳು. ಇಷ್ಟಾದರೂ ಚಂದ್ರಕ್ಕ ಚಂದ್ರಕ್ಕನೇ ಆಗಿದ್ದಳು. ಬ್ಲೇಡಿನ ಮೂಲೆಯಿಂದ ಗದ್ದದ ಮೇಲೆ ಒಂದು ಚುಕ್ಕಿ ಕೆರೆದಳು. ಪ್ರಿಂಟು ಹಾಕಿದಾಗ ಅಲ್ಲಿ ಮೆಣಸಿನ ಕಾಳಿನಷ್ಟು ಕರಿ ಮಚ್ಚೆ ಮೂಡಿತು. ಬುಡನ್ ಸಾಬರು ಕೆಂಪು ಬೆಳಕಿನಲ್ಲಿ ಪ್ರಿಂಟು ತೊಳೆದು ದಾರಕ್ಕೆ ಸಿಕ್ಕಿಸಿದರು. ಅವರಿಗೆ ಕಂಡದ್ದು ಒಂದು ಮುಖ, ಅಷ್ಟೇ. ಮಲೀಕಾ ಒಣಗಿದ ಒಂದೇ ಪ್ರತಿಯನ್ನು ಕವರಿಗೆ ಹಾಕಿ ಅಂಟಿಸಿಟ್ಟಳು. ಸಂತೆಯ ದಿನ ಅಂಜನಪ್ಪ ಬಂದು ತೆಗೆದುಕೊಂಡು ಹೋದ.

ಮುಂದಿನ ಸಂತೆಗೆ ಅವನು ಮತ್ತೆ ಬಂದ. ಕೈಯಲ್ಲಿ ಒಂದು ಜೊತೆ ತೆಂಗಿನಕಾಯಿ. ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡ. ಮಲೀಕಾ ಪರದೆಯ ಹಿಂದೆ ಪೆನ್ಸಿಲ್ ನಿಲ್ಲಿಸಿದಳು.

"ಸಾಬ್ರೆ, ಹೋದ ಮಾಘದಿಂದ ಫೋಟೋ ನೋಡ್ತಾನೇ ಇದೀವಿ. ಎಲ್ಲಾ ಸುಣ್ಣ ಬಳ್ದಂಗೆ. ಮನೆಗೋಗಿ ನೋಡಿದ್ರೆ ಸುಣ್ಣ ಉದುರಿದ ಗೋಡೆ. ಇದೊಂದೇ ಫೋಟೋ ನೋಡ್ರಿ, ಹುಡುಗಿ ಹೆಂಗೌಳೋ ಹಂಗೆ ಕಳ್ಸಿದಾರೆ. ಇಂಥಾ ಸತ್ಯವಂತರ ಮನೆ ಬಿಡಬಾರ್ದು ಅಂದ್ರು ನಮ್ಮ ಭಾವ."

"ನಾವು ಜಾಸ್ತಿ ಟಚಿಂಗ್ ಮಾಡಲ್ರಿ," ಎಂದರು ಬುಡನ್ ಸಾಬರು, ಏನೆಂದು ತಿಳಿಯದೆಯೇ.

"ಇನ್ನೊಂದು ಕೇಳ್ರಿ. ನಮ್ಮಕ್ಕ ತಿಪ್ಪಕ್ಕ, ಹುಡುಗನ ತಾಯಿ, ಫೋಟೋ ನೋಡಿ ಕಣ್ಣೀರಾಕಿದ್ಲು. ಅವಳ ಅತ್ತೆಗೆ ಅದೇ ಜಾಗದಾಗೆ ಮಚ್ಚೆ ಇತ್ತು. ಆ ಮಾತಾಯಿ ಕಾಲಿಟ್ಟ ಮೇಲೇ ಒಂದು ಗಾಡಿ ಕಾಯಿ ಹೋಗಿ ಮಂಡಿ ಆಗಿದ್ದು ಅಂತಾರೆ. ಅತ್ತೆ ವಾಪಸ್ ಬಂದ್ಲು ಅಂತ ನಮ್ಮಕ್ಕ ಫೋಟೋಕ್ಕೆ ಚೌಕಟ್ಟು ಹಾಕ್ಸಿ ದೇವರ ಗೂಡಿನ ಪಕ್ಕ ಇಟ್ಟೌಳೆ. ಬರೋ ವಾರ ಹೆಣ್ಣು ನೋಡಾಕೆ ಹೊಂಟೀವಿ."

ಬುಡನ್ ಸಾಬರು ಕಾಯಿ ಇಸಿದುಕೊಂಡರು. ಒಳಗೆ ಮಲೀಕಾ ಬ್ಲೇಡನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ಅವಳಿಗೆ ಆ ಹೊತ್ತಿನಲ್ಲಿ ಬೇಸರಕ್ಕಿಂತ ಆಯಾಸವೇ ಹೆಚ್ಚಾಯಿತು. ಸುಳ್ಳು ಹೇಳಿದಾಗ ಜನ ಕಳೆದು ನೋಡುತ್ತಿದ್ದರು. ಕೆಟ್ಟದ್ದನ್ನು ಹೇಳಿದರೆ ಹಾಗೇ ನಂಬುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ.

ಸಂಜೆ ಚಂದ್ರಕ್ಕನಿಗೆ ವಿಷಯ ಹೇಳಿದಾಗ ಅವಳು ರಸ್ತೆಯ ನಡುವೆ ನಿಂತುಬಿಟ್ಟಳು.

"ಮಚ್ಚೆ ಯಾವಳು ಇಡು ಅಂದ್ಲು ನಿಂಗೆ?"

"ನೀನೇ ಅಂದ್ಯಲ್ಲ, ಕೆಡಿಸು ಅಂತ."

"ಕೆಡಿಸು ಅಂದೆ, ಅವರಜ್ಜಿ ಮಾಡು ಅಂದ್ನಾ?"

"ನಂಗೇನು ಗೊತ್ತೇ ಹಿರಿಯೂರಲ್ಲಿ ಯಾರ ಅಜ್ಜಿಗೆ ಎಲ್ಲಿ ಮಚ್ಚೆ ಐತೆ ಅಂತ!"

ಒಂದು ಸೈಕಲ್ಲು ಬೆಲ್ಲು ಹೊಡೆದು ಸುತ್ತಿಕೊಂಡು ಹೋಯಿತು. ಇಬ್ಬರೂ ನಕ್ಕರು, ಆಮೇಲೆ ನಗುವುದು ನಿಲ್ಲಿಸಿದರು. ಹೆಣ್ಣು ನೋಡಲು ಬಂದವರಿಗೆ ಮಚ್ಚೆ ಕಾಣದಿದ್ದರೆ ಫೋಟೋದ ಹುಡುಗಿಯೇ ಬೇರೆ ಎನ್ನುತ್ತಾರೆ, ಸಂಬಂಧ ತಾನೇ ಮುರಿಯುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಅಷ್ಟಕ್ಕೇ ಬಿಡಬಹುದಿತ್ತು.

ಹೆಣ್ಣು ನೋಡುವ ಶಾಸ್ತ್ರ ಮುಗಿದ ಮಾರನೆಯ ದಿನ ಚಂದ್ರಕ್ಕ ಬಾಗಿಲಲ್ಲಿ ಕೂಗಲಿಲ್ಲ. ಸುಮ್ಮನೆ ಒಳಗೆ ಬಂದು ಟಚಿಂಗ್ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಳು.

"ಮುರೀತಾ?" ಎಂದಳು ಮಲೀಕಾ.

"ಬಂದಿದ್ದು ಗಂಡಸ್ರೇ. ಅವರಪ್ಪ, ಆ ಅಂಜನಪ್ಪ, ಅವನು. ಅವರವ್ವ ಹೂ ಮುಡ್ಸಾಕೆ ಬರ್ತಾಳಂತೆ. ದೊಡ್ಡೋರಿಬ್ರೂ ಕುಂತ ಕಡೆಯಿಂದ ನಮ್ಮಪ್ಪನ ಹತ್ರ ಕಾಯಿ ರೇಟು ಮಾತಾಡಿದ್ರು. ನನ್ನ ಮುಖ ನೋಡಿದ್ದೇ ಕಮ್ಮಿ."

"ಅವನು?"

"ನೋಡ್ದ."

"ಹೆಂಗಿದಾನೆ?"

"ಕಿವಿ ದೊಡ್ಡವು."

ಚಂದ್ರಕ್ಕ ಲಂಗದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಉಪ್ಪಿಟ್ಟಿನ ತಟ್ಟೆ ಇಟ್ನಲ್ಲ, ಬಗ್ಗಿ ಮೆಲ್ಲಗೆ 'ಮಚ್ಚೆ ಎಲ್ಲೋಯ್ತು?' ಅಂದ. 'ಮುಖ ತೊಳ್ಕಂಡೆ, ಹೋಯ್ತು' ಅಂದೆ. ಬಾಯಾಗಿದ್ದ ಉಪ್ಪಿಟ್ಟು ನೆತ್ತಿಗತ್ತಿ ಕೆಮ್ಮಿದ ನೋಡು, ಅವರ ಮಾಮ ಬೆನ್ನು ಗುದ್ದಿದ್ದೇ ಗುದ್ದಿದ್ದು. 'ಏನಾಯ್ತಲೇ?' ಅಂದ್ರೆ 'ಮೆಣಸಿನಕಾಯಿ ಸಿಕ್ತು ಮಾಮ' ಅಂದ. ನನ್ನ ಬಿಟ್ಕೊಡ್ಲಿಲ್ಲ."

"ಆಮೇಲೆ?"

"ಆಮೇಲೆ ಹಿತ್ತಲಾಗೆ ಕೈಗೆ ನೀರು ಹಾಕಾಕೆ ಹೋದೆ. 'ಈ ಮದುವೆ ಬ್ಯಾಡ ಅಂತ ಮಚ್ಚೆ ಇಡ್ಸಿದ್ಯಾ?' ಅಂದ. ಹೂಂ ಅಂದೆ. 'ನಾನೂ ಬ್ಯಾಡ ಅಂತಾನೇ ಬಂದಿದ್ದೆ, ಈಗ ಬೇಕು ಅನ್ನಿಸ್ತೈತೆ. ನಿಂಗೆ ಹೆಂಗೆ ಅನ್ನಿಸ್ತೈತೋ ಹಂಗೆ ಹೇಳು, ನಾನು ಮನೇಲಿ ಹಂಗೆ ಹೇಳ್ತೀನಿ' ಅಂದ. ಚೊಂಬಿನ ನೀರೆಲ್ಲ ಅವನ ಕಾಲ ಮೇಲೆ ಹಾಕಿಬಿಟ್ಟೆ ಕಣೇ."

"ಏನು ಹೇಳಿದೆ?"

ಚಂದ್ರಕ್ಕನ ಕಿವಿ ಕೆಂಪಗಾಗಿತ್ತು. ಮಲೀಕಾ ಗಾಜಿನ ಮೇಲಿದ್ದ ಯಾರದೋ ಮುಖವನ್ನು ತೆಗೆದು ಪಕ್ಕಕ್ಕಿಟ್ಟಳು.

"ಟೈಪಿಂಗು?"

"ಹಿರಿಯೂರಾಗೂ ಐತಂತೆ ಇನ್‌ಸ್ಟಿಟ್ಯೂಟು. ಸೇರ್ಕೋ ಅಂದ."

ಅಷ್ಟು ಬೇಗ ಅದನ್ನೂ ಮಾತಾಡಿಕೊಂಡಿದ್ದರು, ಒಂದು ಚೊಂಬು ನೀರು ಖಾಲಿಯಾಗುವುದರೊಳಗೆ. ಹಾಗಾದರೆ ನನ್ನ ಟೈಪಿಂಗು ಎಂದು ಮಲೀಕಾ ಕೇಳಲಿಲ್ಲ.

ಉಳಿದ ತೊಡಕು ತಿಪ್ಪಕ್ಕ. ಅವಳಿಗೆ ಸೊಸೆಗಿಂತ ಮಚ್ಚೆ ಮುಖ್ಯವಾಗಿತ್ತು. ಹೂ ಮುಡಿಸಲು ಬಂದವಳು ಗದ್ದ ಹಿಡಿದು ನೋಡುತ್ತಾಳೆ. ಮಚ್ಚೆ ಇಲ್ಲದಿದ್ದರೆ ಹೆಣ್ಣು ಬದಲಾಯಿಸಿದರೆಂದು ಎದ್ದು ಹೋಗುತ್ತಾಳೆ. ನಿಜ ಹೇಳಿದರೆ ಚಿಕ್ಕತಿಮ್ಮಪ್ಪನ ಮನೆಗೂ ಸ್ಟುಡಿಯೋಕ್ಕೂ ಒಟ್ಟಿಗೇ ಹೆಸರು ಕೆಡುತ್ತದೆ.

"ಫೋಟೋದಾಗಿಂದು ತೆಗಿಯಾಕೆ ಆಗಲ್ವಾ?" ಎಂದಳು ಚಂದ್ರಕ್ಕ.

"ಕೆರೆದಿದ್ದು ಬರಲ್ಲ. ಬಂದ್ರೂ ಆ ಫೋಟೋ ಹಿರಿಯೂರಿನ ದೇವರ ಗೂಡಲ್ಲೈತೆ."

ಚಂದ್ರಕ್ಕ ತನ್ನ ಗದ್ದ ಮುಟ್ಟಿಕೊಂಡು, "ಹಂಗಾದ್ರೆ ನನ್ನ ಮುಖಕ್ಕೇ ಇಡಾಣ," ಎಂದಳು.

ಹಚ್ಚೆ ಹಾಕುವ ದುರುಗಕ್ಕ ಸಂತೆಯ ದಿನ ಎತ್ತಿನ ಗಾಡಿಗಳು ನಿಲ್ಲುವ ಕಡೆ ಹುಣಸೆ ಮರದ ಕೆಳಗೆ ಕೂರುತ್ತಿದ್ದಳು. ಒಂದು ಗೋಣಿ, ಸೊಪ್ಪಿನ ರಸದಲ್ಲಿ ಕಲಸಿದ ಕಾಡಿಗೆಯ ಕರಟ, ದಾರ ಸುತ್ತಿ ಕಟ್ಟಿದ ಸೂಜಿಗಳು. ಗಿರಾಕಿಗಳು ಕಡಿಮೆಯಾಗಿ ವರ್ಷಗಳೇ ಆಗಿದ್ದವು. ಕಾಲೇಜಿಗೆ ಹೋದ ಹುಡುಗಿಯರಿಬ್ಬರು ತನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತದ್ದನ್ನು ನೋಡಿ ಅವಳು ಎಲೆಯಡಿಕೆ ಉಗಿದಳು.

"ಏನು ಹಾಕ್ಲವ್ವ? ಚೇಳು ಹಾಕ್ಲಾ, ತೊಟ್ಲು ಹಾಕ್ಲಾ?"

"ಒಂದು ಚುಕ್ಕಿ. ಗದ್ದದ ಮ್ಯಾಲೆ. ಮಚ್ಚೆ ಇದ್ದಂಗೆ ಕಾಣ್ಬೇಕು."

"ಮಚ್ಚೆಯಾ?" ದುರುಗಕ್ಕ ಸೂಜಿಯನ್ನು ಕೆಳಗಿಟ್ಟಳು. "ದೇವರು ಕೊಡೋದನ್ನ ನನ್ನತ್ರ ಕೇಳ್ತೀರಲ್ಲ. ಮಚ್ಚೆ ತೆಗಿ ಅಂತ ಬಂದೋರು ಅವ್ರೆ, ಮಚ್ಚೆ ಹಾಕು ಅಂತ ಬಂದೋಳು ನೀನೇ ಮೊದ್ಲು. ಸರಿ, ಯಾವ ಕಡೀಕೆ?"

ಚಂದ್ರಕ್ಕ ಮಲೀಕಾಳ ಕಡೆ ತಿರುಗಿದಳು. "ಯಾವ ಕಡೆ ಇಟ್ಟಿದ್ದೇ ನೀನು?"

ಆ ಫೋಟೋವನ್ನು ಸರಿಯಾಗಿ ನೋಡಿದ್ದವರಲ್ಲಿ ಹೊಸದುರ್ಗದಲ್ಲಿ ಉಳಿದಿದ್ದವಳು ಮಲೀಕಾ ಒಬ್ಬಳೇ. ಅಂಜನಪ್ಪ ಅದೇ ಜಾಗ ಎಂದಿದ್ದನೇ ಹೊರತು ಎಡ, ಬಲ ಹೇಳಿರಲಿಲ್ಲ. ಗಾಜಿನ ಮೇಲೆ ನೆಗೆಟಿವ್ ಇಟ್ಟಾಗ ಎಡ ಬಲವಾಗಿರುತ್ತದೆ, ಪ್ರಿಂಟಿನಲ್ಲಿ ಮತ್ತೆ ತಿರುಗುತ್ತದೆ, ಕನ್ನಡಿಯಲ್ಲಿ ನೋಡಿಕೊಂಡರೆ ಇನ್ನೊಮ್ಮೆ ತಿರುಗುತ್ತದೆ. ಯಾರು ತಪ್ಪಿದರೂ ಯಾರೂ ಆಶ್ಚರ್ಯಪಡುವಂತಿರಲಿಲ್ಲ. ಒಂದು ಬೆರಳು ತಪ್ಪು ಕಡೆ ತೋರಿಸಿದರೆ ತಿಪ್ಪಕ್ಕ ಎದ್ದು ಹೋಗುತ್ತಾಳೆ. ಒಂದಷ್ಟು ದಿನ ಅಳು, ಬೈಗುಳ. ಆಮೇಲೆ ಮಧ್ಯಾಹ್ನದ ಬಸ್ಸು ಬರುತ್ತದೆ, ಬಾಗಿಲಲ್ಲಿ ಕೂಗು ಕೇಳುತ್ತದೆ, ಟೈಪಿಂಗ್ ಕ್ಲಾಸಿನ ಮೆಟ್ಟಿಲು ಇಬ್ಬರ ಚಪ್ಪಲಿಗೂ ಸದ್ದು ಮಾಡುತ್ತದೆ.

"ಹೇಳೇ," ಎಂದಳು ಚಂದ್ರಕ್ಕ. "ಮರೆತೋಯ್ತಾ?"

ಮರೆತಿರಲಿಲ್ಲ. ಮಲೀಕಾ ಗೆಳತಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಎಷ್ಟೋ ಮುಖಗಳನ್ನು ತಿದ್ದಿದ ಮೇಲೆ ಮೊದಲ ಸಲ ನಿಜವಾದ ಚರ್ಮವನ್ನು ಮುಟ್ಟಿ ನೋಡುತ್ತಿದ್ದಳು. ಮೇಲ್ತುಟಿಯ ಮೇಲೆ ಸಣ್ಣ ಬೆವರು, ಕೆನ್ನೆಯ ಮೇಲೆ ಒಂದು ಮೊಡವೆ. ಕೆಡಿಸುವಂಥದ್ದೂ ಏನಿರಲಿಲ್ಲ, ಚೆಂದ ಮಾಡುವಂಥದ್ದೂ ಏನಿರಲಿಲ್ಲ.

"ಎಡಗಡೆ," ಎಂದಳು. "ನಿನ್ನ ಎಡಗೈ ಕಡೆ." ದುರುಗಕ್ಕನ ಕರಟದಿಂದ ಬೆರಳ ತುದಿಗೆ ಕಾಡಿಗೆ ಹಚ್ಚಿಕೊಂಡು ಜಾಗ ಗುರುತು ಮಾಡಿದಳು. ಅಳತೆ ತಪ್ಪಲಿಲ್ಲ.

ದುರುಗಕ್ಕ ಸೂಜಿ ಚುಚ್ಚುತ್ತ ತೆಲುಗು ಬೆರೆತ ಯಾವುದೋ ಹಾಡು ಗುನುಗಿದಳು. ಚಂದ್ರಕ್ಕ ಮಲೀಕಾಳ ಮುಂಗೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಳು. "ಅಯ್ಯಯ್ಯೋ, ಆ ದೊಡ್ಡ ಕಿವಿಯೋನಿಗೋಸ್ಕರ ಇಷ್ಟೊಂದು ನೋವಾ!" ಎಂದು ಕಿರುಚಿದ್ದಕ್ಕೆ ಗಾಡಿಯವರು ತಿರುಗಿ ನೋಡಿದರು.

ಬಾಗೂರಿನಲ್ಲಿ ಗದ್ದ ಊದಿಕೊಂಡಿತು. ರಂಗಕ್ಕ ಮೊದಲು ಕುರು ಎಂದುಕೊಂಡು ಅರಿಶಿನ ಹಚ್ಚಿದಳು. ಅರಿಶಿನ ತೊಳೆದಾಗ ಹಸಿರು ಕಂಡು ಪೊರಕೆ ಎತ್ತಿಕೊಂಡಳು. "ಮುಖದ ಮ್ಯಾಲೆ ಹಚ್ಚೆ ಹಾಕಿಸ್ಕಳಾಕೆ ನೀನೇನು ನಮ್ಮಜ್ಜಿನಾ? ನಾಳಿದ್ದು ಹೂ ಮುಡ್ಸಾಕೆ ಬರ್ತಾರೆ, ಏನು ಹೇಳ್ಲೇ?" ಚಂದ್ರಕ್ಕ ಮಚ್ಚೆಯ ಕಥೆ ಹೇಳಿದಳು, ಫೋಟೋ ಕೆಡಿಸಿದ್ದನ್ನು ಬಿಟ್ಟು ಉಳಿದದ್ದೆಲ್ಲ. ಫೋಟೋದ ಮೇಲೆ ಏನೋ ಕಲೆ ಬಿದ್ದಿತ್ತಂತೆ, ಅವರು ಅದನ್ನೇ ಮಚ್ಚೆ ಅಂದುಕೊಂಡರಂತೆ, ಎಂದಳು. ರಂಗಕ್ಕ ಪೊರಕೆ ಕೆಳಗಿಟ್ಟು ಗೋಡೆಗೆ ಒರಗಿ ಕೂತಳು. "ನಿಮ್ಮಪ್ಪನಿಗೆ ಹೇಳಬ್ಯಾಡ," ಎಂದಳು.

ಹೂ ಮುಡಿಸುವ ದಿನ ನೂರುನ್ನೀಸಾಳ ಜೊತೆ ಮಲೀಕಾ ಬಾಗೂರಿಗೆ ಹೋದಳು. ನಡುಮನೆಯಲ್ಲಿ ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಗಂಡಸರು ಹೊರಗೆ ಜಗಲಿಯಲ್ಲಿ. ತಿಪ್ಪಕ್ಕ ದಪ್ಪನೆಯ, ಮಾತು ಕಡಿಮೆಯ ಹೆಂಗಸು. ಹರಿವಾಣದಲ್ಲಿ ಸೀರೆ, ಹಣ್ಣು, ಮಲ್ಲಿಗೆ ಹೂವಿನ ದಂಡೆ ಇಟ್ಟುಕೊಂಡು ಚಂದ್ರಕ್ಕನ ಎದುರು ಕೂತವಳು ಹೂವನ್ನು ಮುಟ್ಟಲೇ ಇಲ್ಲ. ಗದ್ದಕ್ಕೆ ಕೈ ಹಾಕಿ, ಸೆರಗಿನ ತುದಿಯಿಂದ ಅರಿಶಿನ ಒರೆಸಿ, ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದಳು. ರಂಗಕ್ಕ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಿಂತಲ್ಲೇ ನಿಂತಳು. ಮಲೀಕಾ ತಾಯಿಯ ಬುರ್ಖಾದ ಅಂಚು ಹಿಡಿದಿದ್ದಳು. ಬೇಡವೆನ್ನಲಿ ಎಂದೂ, ಬೇಡವೆನ್ನದಿರಲಿ ಎಂದೂ ಒಟ್ಟಿಗೇ ಅನ್ನಿಸುತ್ತಿತ್ತು.

"ನಮ್ಮತ್ತೇದು ಕರ್ರಗಿತ್ತು," ಎಂದಳು ತಿಪ್ಪಕ್ಕ. "ಇದು ಹಸ್ರಗೈತಲ್ಲ."

ತಿಪ್ಪಕ್ಕ ಹೆಬ್ಬೆರಳಿನಿಂದ ಚುಕ್ಕಿಯನ್ನು ಒಮ್ಮೆ ತಿಕ್ಕಿದಳು. ಚಂದ್ರಕ್ಕ ನೋವಿಗೆ "ಸ್" ಎಂದಳು. ಹೊಸ ಗಾಯ ಯಾವುದು, ಹುಟ್ಟಿದ ಮಚ್ಚೆ ಯಾವುದು ಎಂದು ತಿಳಿಯದಷ್ಟು ಮುಗ್ಧೆಯಾಗಿ ಆ ಹೆಂಗಸು ಕಾಣಲಿಲ್ಲ.

"ಯಾರು ಹೇಳಿದ್ರು ನಿಂಗೆ, ಇಲ್ಲಿ ಬೇಕು ಅಂತ?"

"ಯಾರೂ ಹೇಳ್ಲಿಲ್ಲ ಅತ್ತೆ," ಎಂದಳು ಚಂದ್ರಕ್ಕ. ಅತ್ತೆ ಎಂಬ ಮಾತು ಅವಸರದಲ್ಲಿ ಹೊರಗೆ ಬಂದುಬಿಟ್ಟಿತ್ತು.

ತಿಪ್ಪಕ್ಕನ ಮುಖದಲ್ಲಿ ನಗು ಬಂತೆಂದು ಹೇಳುವಂತಿರಲಿಲ್ಲ. "ನೋವಾಯ್ತೇನೋ ಪಾಪ," ಎಂದಳು. "ನಮ್ಮತ್ತೆನೂ ಹಟದೋಳೇ." ದಂಡೆ ಎತ್ತಿಕೊಂಡು ಮುಡಿಸಿದಳು. ರಂಗಕ್ಕ ಬಾಳೆಹಣ್ಣನ್ನು ಎಲ್ಲರಿಗೂ ಎರಡೆರಡು ಸಲ ಕೊಟ್ಟಳು.

ವೈಶಾಖದಲ್ಲಿ ಹಿರಿಯೂರಿನಲ್ಲಿ ಮದುವೆಯಾಯಿತು. ಫೋಟೋ ತೆಗೆಯಲು ಬುಡನ್ ಸಾಬರು ಹೋದರು. ನೆಗೆಟಿವ್‌ಗಳು ಮಲೀಕಾಳ ಪೆಟ್ಟಿಗೆಗೆ ಬಂದವು. ಧಾರೆಯ ಹೊತ್ತಿನ ಒಂದರಲ್ಲಿ ಮೂರ್ತಪ್ಪ ಏನೋ ಹೇಳುತ್ತಿದ್ದ, ಚಂದ್ರಕ್ಕ ತಲೆ ಬಗ್ಗಿಸಿ ನಗು ತಡೆಯುತ್ತಿದ್ದಳು. ಮಲೀಕಾ ಅದನ್ನು ಬಹಳ ಹೊತ್ತು ಗಾಜಿನ ಮೇಲಿಟ್ಟುಕೊಂಡಿದ್ದು ಪೆನ್ಸಿಲ್ ಮುಟ್ಟಿಸದೆ ತಂದೆಗೆ ಕೊಟ್ಟಳು. "ಇದಕ್ಕೆ ಆಯ್ತಾ?" ಎಂದು ಅವರು ಕೇಳಿದರು. "ಆಯ್ತು ಅಬ್ಬಾ," ಎಂದಳು.

ಟೈಪಿಂಗ್ ಕ್ಲಾಸು ನಿಂತಿತು. ಮಧ್ಯಾಹ್ನದ ಬಸ್ಸು ಬಂದು ಹೋಗುತ್ತಿತ್ತು. ಬುಡನ್ ಸಾಬರು ಷರತ್ತಿನ ಮಾತು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಮಲೀಕಾ ಸಂಜೆಯೂ ಪೆಟ್ಟಿಗೆಯ ಮುಂದೆಯೇ ಕೂತಳು. ಮಳೆಗಾಲ ಶುರುವಾಗಿ ಬೆಳಕು ಕಡಿಮೆಯಾದ ದಿನ, ಕೆಲಸ ಸಾಗದೆ ಅವಳು ಮಂಡಿಯ ಮೇಲೆ ಬೆರಳುಗಳನ್ನು ಟೈಪು ಹೊಡೆದಂತೆ ಆಡಿಸುತ್ತಿದ್ದುದನ್ನು ನೂರುನ್ನೀಸಾ ಬಾಗಿಲಿನಿಂದ ನೋಡಿದಳು.

"ಏಳು," ಎಂದಳು ಮನೆಯ ಉರ್ದುವಿನಲ್ಲಿ. "ನಾನು ಬರ್ತೀನಿ."

ಮೊದಲ ದಿನ ನೂರುನ್ನೀಸಾ ಇನ್‌ಸ್ಟಿಟ್ಯೂಟಿನ ಒಳಗೆ ಕೂತಳು. ಆ ಸದ್ದಿಗೆ ತಲೆ ಸಿಡಿಯಿತು ಎಂದು ಎರಡನೆಯ ದಿನದಿಂದ ಕೆಳಗಿನ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿದಳು. ಬಂದವರೆಲ್ಲ ಅವಳನ್ನು ದಾಟಿಕೊಂಡು ಹೋಗಬೇಕಾಗಿತ್ತು. "ಅಮ್ಮ, ಸ್ವಲ್ಪ ಪಕ್ಕಕ್ಕೆ ಕುಂತ್ಕಳ್ರಿ" ಎಂದ ಹುಡುಗನಿಗೆ "ನಿನ್ನ ಕಾಲು ಅಷ್ಟು ದೊಡ್ಡದಾ?" ಎಂದಳು. ಕೆಲವು ದಿನ ಹೀಗೆ ನಡೆಯಿತು. ಒಂದು ಸಂಜೆ ವಾಪಸ್ ಬರುವಾಗ ಮಂಡಿ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತಳು.

"ನಾಳೆಯಿಂದ ನೀನೇ ಹೋಗಿ ಬಾ."

"ಅಬ್ಬಾ?"

"ಅವರಿಗೆ ನಾನು ಹೇಳ್ತೀನಿ. ಇಷ್ಟು ದೂರ ಯಾರಾದ್ರೂ ಕಾವಲು ಬೇಕಾ? ನಾನು ನೋಡ್ದೆನಲ್ಲ, ದಾರಿ ತುಂಬ ಬರೀ ಅಂಗಡಿ."

ಮಾರನೆಯ ದಿನ ಮಲೀಕಾ ಒಬ್ಬಳೇ ಹೊರಟಳು. ಬಳೆ ಅಂಗಡಿಯವನು ತಲೆ ಎತ್ತಿ ನೋಡಿದ, ಸೈಕಲ್ ಷಾಪಿನವರು ಮಾತು ನಿಲ್ಲಿಸಿದರು. ಅದರ ಮಾರನೆಯ ದಿನ ಬಳೆ ಅಂಗಡಿಯವನು ಮಾತ್ರ ನೋಡಿದ. ಆಮೇಲೆ ಯಾರೂ ನೋಡಲಿಲ್ಲ. ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತಿ, ಮಷೀನಿನ ಮುಂದೆ ಕೂತು, ಹಾಳೆ ಸಿಕ್ಕಿಸಿದ ಮೇಲೆ ಅವಳಿಗೆ ಸಿಟ್ಟು ಬಂತು. ಒಬ್ಬಳೇ ನಡೆದು ಬರುವುದು ಇಷ್ಟೇ ಆಗಿತ್ತು. ಇಷ್ಟಕ್ಕಾಗಿ ಗೆಳತಿಯ ಮುಖ ಕೆರೆದಿದ್ದಳು. ಪಕ್ಕದ ಮಷೀನಿನಲ್ಲಿ ಹೊಸ ಹುಡುಗಿಯೊಬ್ಬಳು ಅಕ್ಷರ ಹುಡುಕುತ್ತಿದ್ದಳು. ಮಲೀಕಾ ನಾಲ್ಕು ಬೆರಳು ಊರಿ ಹೊಡೆಯಲು ಶುರು ಮಾಡಿದಳು.